ಮೂರು ಕೆಜಿ ಸಡಿಲ

ಹದಿನೈದು ಸಾವಿರ ಜನ ಕೂತು ಚಪ್ಪಾಳೆ ತಟ್ಟುವ ಟೆನಿಸ್ ಕ್ರೀಡಾಂಗಣದ ಕೆಳಗೆ ಕಿಟಕಿಯಿಲ್ಲದ ಒಂದು ಕೋಣೆಯಿದೆ. ಅದರಲ್ಲಿ ಹದಿನಾರು ಯಂತ್ರ, ಹದಿನಾರು ಸ್ಟೂಲು, ಹದಿನೈದು ಜನ ಗಂಡಸರು, ಒಬ್ಬಳು ಹೆಂಗಸು. ರಾಕೆಟ್ಟಿನ ಚೌಕಟ್ಟಿಗೆ ಬಲೆಯ ಹಾಗೆ ದಾರ ಎಳೆದು ಬಿಗಿಯುತ್ತಾರಲ್ಲ, ಆ ಗಟ್ ಹಾಕುವ ಕೆಲಸ ಇವರದು. ದೊಡ್ಡ ಟೂರ್ನಮೆಂಟು ಅಂದರೆ ಆಡುವವರ ಹೆಸರು ಪೇಪರಿನಲ್ಲಿ ಬರುತ್ತದೆ, ಅವರು ತೊಟ್ಟ ಬೂಟಿನ ಕಂಪನಿಯ ಹೆಸರು ಬರುತ್ತದೆ, ಕುಡಿದು ಬಿಸಾಕಿದ ನೀರಿನ ಬಾಟಲಿಯ ಹೆಸರೂ ಬರುತ್ತದೆ. ಗಟ್ ಹಾಕಿದವರ ಹೆಸರು ಬಂದದ್ದನ್ನು ಇನ್ನೂ ಯಾರೂ ಕಂಡಿಲ್ಲ.

ಆ ಒಬ್ಬಳು ಹೆಂಗಸನ್ನು ಎಲ್ಲರೂ ಗಂಟಕ್ಕ ಅನ್ನುತ್ತಿದ್ದರು. ದಾರ ಎಳೆದು ಕೊನೆಯಲ್ಲಿ ಹಾಕುವ ಗಂಟು ಬೇರೆಯವರದು ಕಡಲೆ ಗಾತ್ರವಿದ್ದರೆ ಇವಳದು ಎಳ್ಳಿನಷ್ಟು. ಊರಲ್ಲಿ ಅವಳಿಗೂ ಗಂಡನಿಗೂ ಸೇರಿ ಒಂದು ಆಟದ ಸಾಮಾನಿನ ಅಂಗಡಿ. ಗಂಡ ಮುಂದೆ ಕೂತು ರಾಕೆಟ್ಟು ಇಸಿದುಕೊಳ್ಳುತ್ತಿದ್ದ, ಇವಳು ಹಿಂದಿನ ಕೋಣೆಯಲ್ಲಿ ಗಟ್ ಹಾಕುತ್ತಿದ್ದಳು. ಗಿರಾಕಿಗಳು ಬಂದು, ಏನ್ ಕೈ ಸ್ವಾಮಿ ನಿಮ್ಮದು, ಅಂತ ಗಂಡನ ಕೈ ಕುಲುಕಿ ಹೋಗುತ್ತಿದ್ದರು. ಅಂಗಡಿಯ ಬೋರ್ಡಿನಲ್ಲಿ ಗಂಡನ ಹೆಸರು, ಅದರ ಪಕ್ಕ ‘ಮತ್ತು ಪುತ್ರರು’. ಅವರಿಗಿರುವುದು ಇಬ್ಬರು ಹೆಣ್ಣುಮಕ್ಕಳು.

ಟೂರ್ನಮೆಂಟಿಗೆ ಅವಳು ಬರುತ್ತಿದ್ದುದು ಇದು ಹನ್ನೊಂದನೇ ವರ್ಷ. ಕೋಣೆಯಲ್ಲಿ ಒಂದು ಕಟ್ಟಳೆಯಿತ್ತು: ಒಬ್ಬ ಆಟಗಾರನ ರಾಕೆಟ್ಟು ಒಮ್ಮೆ ಯಾರ ಕೈಗೆ ಬಂತೋ, ಅವನು ಸೋಲುವವರೆಗೆ ಅದೇ ಕೈ. ಯಂತ್ರ ಎಷ್ಟೇ ಕರಾರುವಾಕ್ಕಾದರೂ ಒಬ್ಬೊಬ್ಬರ ಎಳೆತ ಒಂದೊಂದು ಥರ, ಕೈ ಬದಲಾದರೆ ರಾಕೆಟ್ಟಿನ ಸ್ವಭಾವವೇ ಬದಲಾಗುತ್ತದೆ. ಯಾರ ಕೈಗೆ ಯಾರು ಅನ್ನುವುದನ್ನು ಹಂಚುವವರು ಮೇಸ್ತ್ರಿ. ಗೆಲ್ಲುವ ಕುದುರೆಗಳೆಲ್ಲ ಅವರ ಯಂತ್ರಕ್ಕೆ, ಇಲ್ಲ ಅವರ ಪಕ್ಕದವರಿಗೆ. ಗಂಟಕ್ಕನ ಪಾಲಿಗೆ ಯಾವಾಗಲೂ ಮಹಿಳಾ ಸಿಂಗಲ್ಸಿನ ತಳದ ಹೆಸರುಗಳು. ಅವರು ಸೋಮವಾರ ಆಡಿ ಮಂಗಳವಾರ ಮನೆ ಸೇರುವವರು. ಗಂಟಕ್ಕನ ಕೈಗೆ ರಾಕೆಟ್ಟು ಹೋಯ್ತು ಅಂದರೆ ಊರಿಗೆ ಟಿಕೆಟ್ಟು ತೆಗೆಸಿದ ಹಾಗೆ ಅಂತ ಪಕ್ಕದ ಯಂತ್ರದ ಮೀಸೆ ತಮಾಷೆ ಮಾಡುತ್ತಿದ್ದ. ಅವನ ಮೀಸೆ ಎಷ್ಟು ದೊಡ್ಡದೆಂದರೆ ಒಂದೆರಡು ಸಲ ದಾರದ ಜೊತೆ ಅದನ್ನೂ ಸಿಕ್ಕಿಸಿಕೊಂಡಿದ್ದ.

ಈ ವರ್ಷ ಅವಳಿಗೆ ಸಿಕ್ಕಿದ್ದು ‘ನೂರಾ ಹದಿನೆಂಟು’. ಆ ಹುಡುಗಿಗೆ ಹೆಸರಿತ್ತು ಅನ್ನಿ, ಆದರೆ ಕೋಣೆಯಲ್ಲಿ ತಳದವರನ್ನೆಲ್ಲ ಕರೆಯುವುದೇ ಶ್ರೇಯಾಂಕದಿಂದ. ಹುಡುಗಿಗಿಂತ ಮೊದಲು ಕೌಂಟರಿಗೆ ಬಂದವರು ಅವಳ ಅಪ್ಪ. ಅವಳ ಕೋಚೂ ಅವರೇ. ಫಾರಮ್ಮಿನಲ್ಲಿ ‘ಬಿಗಿ’, ಅಂದರೆ ದಾರ ಎಳೆಯುವ ಬಲ, ಅನ್ನುವ ಕಡೆ ಇಪ್ಪತ್ತೈದು ಕೆಜಿ ಅಂತ ದಪ್ಪಕ್ಷರದಲ್ಲಿ ಬರೆದು, ಕೆಳಗೆರಡು ಗೆರೆ ಎಳೆದು, ತಾವೇ ಸಹಿ ಹಾಕಿದರು. ಹದಿನಾಲ್ಕನೇ ವಯಸ್ಸಿನಿಂದ ಇದೇ ಅಳತೆ, ಇದಕ್ಕಿಂತ ಸಡಿಲ ಬಿಟ್ಟರೆ ಅದು ರಾಕೆಟ್ಟಲ್ಲ ಮೀನಿನ ಬಲೆ ಅಂತ ಯಾರೂ ಕೇಳದೆ ಹೇಳಿದರು. ಹುಡುಗಿ ಹಿಂದೆ ನಿಂತು ತನ್ನ ಮೊಣಕೈಯನ್ನು ತಾನೇ ನೀವಿಕೊಳ್ಳುತ್ತಿದ್ದಳು.

ಅವತ್ತು ಗಂಟಕ್ಕ ಡಬಲ್ಸ್ ಆಡುವ ಒಬ್ಬ ಹಿರಿಯ ಆಟಗಾರ್ತಿಯ ರಾಕೆಟ್ಟು ಮುಗಿಸಿದ್ದಳು. ಅದಕ್ಕೆ ಯಂತ್ರದಲ್ಲಿ ಇಟ್ಟಿದ್ದು ಇಪ್ಪತ್ತೆರಡು. ನೂರಾ ಹದಿನೆಂಟರ ಮೂರು ರಾಕೆಟ್ಟು ಎತ್ತಿಕೊಂಡು, ಇನ್ನೇನು ಗುಂಡಿ ಒತ್ತಿ ಇಪ್ಪತ್ತೈದು ಮಾಡಬೇಕು, ಅಷ್ಟರಲ್ಲಿ ಮೇಸ್ತ್ರಿ ಕೂಗಿದರು. ಗಟ್ ತಯಾರಿಸುವ ಕಂಪನಿಯ ದೊಡ್ಡವರು ಕೋಣೆ ನೋಡಲು ಬಂದಿದ್ದರು. ಹದಿನೈದು ಜನ ಗಂಡಸರ ಮೂವತ್ತು ಕೈಗಳಿದ್ದವು, ಆದರೆ ಕಾಫಿ ಲೋಟ ಜೋಡಿಸುವುದಕ್ಕೆ ಯೋಗ್ಯವಾದ ಕೈ ಒಂದೇ ಜೊತೆ ಅಂತ ಅವಳು ಬಂದ ಮೊದಲ ವರ್ಷವೇ ತೀರ್ಮಾನವಾಗಿತ್ತು. ಅವಳು ಎದ್ದು ಹೋದಳು, ಎಂಟು ಲೋಟ ಜೋಡಿಸಿದಳು, ಸಕ್ಕರೆ ಬೇಕೆ ಬೇಡವೆ ಕೇಳಿದಳು, ಬಂದು ಕೂತಳು, ದಾರ ಎಳೆದಳು.

‘ಮೊದಲು ನಂಬರು ನೋಡು, ಆಮೇಲೆ ದಾರ ಮುಟ್ಟು’ ಅನ್ನುವುದು ಈ ಕಸುಬಿನ ಮೊದಲ ಪಾಠ. ಇಪ್ಪತ್ತು ವರ್ಷದಲ್ಲಿ ಅವಳು ಅದನ್ನು ಮರೆತದ್ದು ಅವತ್ತೊಂದೇ ದಿನ. ಮೂರೂ ರಾಕೆಟ್ಟು ಮುಗಿದು, ‘25’ ಅಂತ ಚೀಟಿ ಅಂಟಿಸಿ, ಸಾಮಾನಿನ ಲಿಫ್ಟಿನಲ್ಲಿ ಮೇಲೆ ಹೋದ ಮೇಲೆ ಯಂತ್ರದ ಪರದೆ ಕಣ್ಣಿಗೆ ಬಿತ್ತು. ಇಪ್ಪತ್ತೆರಡು. ಮೂರು ಕೆಜಿ ಸಡಿಲ.

ಚೀಟಿಯ ಮೇಲೊಂದು ಅಳತೆ, ರಾಕೆಟ್ಟಿನೊಳಗೊಂದು ಅಳತೆ ಅಂತಾದರೆ ಆ ಗಳಿಗೆಗೇ ಮನೆಗೆ, ಮತ್ತೆಂದೂ ಕರೆಯುವುದಿಲ್ಲ. ಮೇಸ್ತ್ರಿ ಇದನ್ನು ಪ್ರತಿ ವರ್ಷ ಮೊದಲ ದಿನ ಎಲ್ಲರ ಎದುರು ಹೇಳುತ್ತಿದ್ದರು. ಓಡಿ ಹೋಗಿ ಹೇಳೋಣವೆಂದರೆ ಮೂಲೆಯ ಟೀವಿಯಲ್ಲಿ ಮ್ಯಾಚು ಶುರುವಾಗಿಬಿಟ್ಟಿತ್ತು.

ಮೊದಲ ಸೆಟ್ಟು ನೋಡುವ ಹಾಗಿರಲಿಲ್ಲ. ಗಟ್ ಸಡಿಲವಿದ್ದರೆ ಚೆಂಡು ಜೋರಾಗಿ ಚಿಮ್ಮುತ್ತದೆ, ಗೆರೆ ದಾಟುತ್ತದೆ. ಹುಡುಗಿ ಹೊಡೆದದ್ದೆಲ್ಲ ಹೊರಗೆ. ಮೀಸೆ ಇವಳ ಕಡೆ ತಿರುಗಿ, ಬ್ಯಾಗು ಕಟ್ಟೋಕೆ ಸಹಾಯ ಬೇಕಾ ಅಂತ ಕೇಳಿದ. ಎರಡನೇ ಸೆಟ್ಟಿನಲ್ಲಿ ಏನಾಯಿತೋ, ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಚೆಂಡು ಅದೇ ಜೋರಿನಲ್ಲಿ ಹೋಗಿ ಈಗ ಗೆರೆಯ ಒಳಗೆ ಬೀಳತೊಡಗಿತು. ಒಂದೂ ಮುಕ್ಕಾಲು ಗಂಟೆಯಲ್ಲಿ ನೂರಾ ಹದಿನೆಂಟು ಗೆದ್ದಿತು. ಗಂಟಕ್ಕ ಅಂಗೈ ಒರೆಸಿಕೊಂಡಳು.

ಮುಂದಿನ ಮ್ಯಾಚಿಗೆ ರಾಕೆಟ್ಟು ಬಂದಾಗ ಅಪ್ಪನ ಫಾರಮ್ಮು ಇತ್ತು, ಎರಡು ಗೆರೆಯ ಮೇಲೆ ಅದೇ ಇಪ್ಪತ್ತೈದು. ಜೊತೆಗೆ ರಾಕೆಟ್ಟಿನ ಹಿಡಿಗೆ ಸುತ್ತಿದ ಒಂದು ಚೀಟಿ. ಹುಡುಗಿಯ ಕೈಬರಹ: ‘ಮೊನ್ನೆಯ ಹಾಗೇ.’

ಗಂಟಕ್ಕ ಆ ಚೀಟಿಯನ್ನು ಎಷ್ಟು ಹೊತ್ತು ನೋಡುತ್ತ ಕೂತಳೆಂದರೆ ಮೀಸೆ, ಪ್ರೇಮಪತ್ರನಾ ಅಂದ. ಮೊನ್ನೆಯ ಹಾಗೆ ಅಂದರೆ ಇಪ್ಪತ್ತೆರಡು. ಫಾರಮ್ಮಿನ ಹಾಗೆ ಅಂದರೆ ಇಪ್ಪತ್ತೈದು. ಬಾಯಲ್ಲಿ ಬಿಸಿ ತುಪ್ಪ: ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ಆಡುವ ಕೈ ಕೇಳಿದ್ದನ್ನೇ ಕೊಡೋಣ ಅಂತ ಇಪ್ಪತ್ತೆರಡಕ್ಕೆ ಎಳೆದಳು, ಚೀಟಿಗೆ ಇಪ್ಪತ್ತೈದು ಬರೆದಳು. ಮೊದಲನೆಯದು ತಪ್ಪು. ಇದು ಸುಳ್ಳು. ಅವೆರಡರ ನಡುವೆ ಇರುವ ದೂರ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ನಡೆದದ್ದನ್ನು ಊರೆಲ್ಲ ನೋಡಿದೆ. ಎರಡನೇ ಸುತ್ತು, ಮೂರನೇ ಸುತ್ತು, ನಾಲ್ಕನೆಯದು. ಮೇಸ್ತ್ರಿಯ ಕೈಯಲ್ಲಿದ್ದ ಅಗ್ರಶ್ರೇಯಾಂಕದ ಹೆಂಗಸು ಕ್ವಾರ್ಟರ್ ಫೈನಲಿನಲ್ಲಿ ಇದೇ ಹುಡುಗಿಯ ಎದುರು ಸೋತಾಗ ಎಲ್ಲರೂ ತಂತಮ್ಮ ಯಂತ್ರದ ಮೇಲೆ ಬಗ್ಗಿಬಿಟ್ಟರು. ಮೀಸೆ ಮಾತ್ರ ಯಾರ ಕೈಗೆ ಯಾರು ಅಂತ ಗೋಡೆಗೆ ಅಂಟಿಸಿದ್ದ ಪಟ್ಟಿಯಿಂದ ಮೇಸ್ತ್ರಿಯ ಆಟಗಾರ್ತಿಯ ಹಾಳೆ ಕಿತ್ತು, ಮಡಿಚಿ, ಬಹಳ ಭಕ್ತಿಯಿಂದ ಅವರ ಕೈಗೇ ಕೊಟ್ಟ.

ಕೇಳಬಹುದು, ಯಾರೂ ಅಳೆದು ನೋಡಲಿಲ್ಲವೇ ಅಂತ. ಅಳೆಯುವ ಪುಟ್ಟ ಸಾಧನವೊಂದು ಮೇಸ್ತ್ರಿಯ ಜೇಬಿನಲ್ಲೇ ಇರುತ್ತಿತ್ತು. ಗಂಡಸರ ರಾಕೆಟ್ಟು ಒಂದೊಂದನ್ನೂ ಅಳೆದೇ ಮೇಲೆ ಕಳಿಸುತ್ತಿದ್ದರು. ಹೆಂಗಸರ ರಾಕೆಟ್ಟಿಗೆ ಅಷ್ಟೆಲ್ಲ ಯಾಕೆ, ಚೀಟಿ ಸಾಕು. ಹನ್ನೊಂದು ವರ್ಷದಿಂದ ಗಂಟಕ್ಕನ ಹೊಟ್ಟೆ ಉರಿಸಿದ್ದ ಆ ಅಸಡ್ಡೆಯೇ ಈ ವರ್ಷ ಅವಳನ್ನು ಕಾಪಾಡಿತು. ಅವಮಾನವೂ ಒಮ್ಮೊಮ್ಮೆ ಕೊಡೆಯಾಗುತ್ತದೆ, ಹಿಡಿದುಕೊಂಡವರ ಕೈ ಮಾತ್ರ ನೋಯುತ್ತದೆ.

ಗುರುವಾರ ಸೆಮಿಫೈನಲ್ ಗೆದ್ದಾಯಿತು. ಶನಿವಾರ ಫೈನಲ್. ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಹೊಸ ಅಂಗಿ ತೊಟ್ಟು ಬಂದರು. ಫೈನಲಿನ ರಾಕೆಟ್ಟಿಗೆ ಗಟ್ ಹಾಕುವುದನ್ನು ಟೀವಿಯವರು ತೋರಿಸುತ್ತಾರೆ. ಅದಕ್ಕೆಂದೇ ಒಳದಾರಿಯ ಕಡೆಯ ಗಾಜಿನ ಗೋಡೆಯ ಪಕ್ಕ ಒಂದನೇ ಯಂತ್ರ. ಪ್ರತಿ ವರ್ಷ ಅಲ್ಲಿ ಕೂರುವವರು ಮೇಸ್ತ್ರಿ. ನೂರಾ ಹದಿನೆಂಟರ ಬ್ಯಾಗು ಕೊಡಮ್ಮ ಅಂತ ಕೈ ಚಾಚಿದರು. ಸೋಲುವವರೆಗೆ ಅದೇ ಕೈ ಅನ್ನುವ ಕಟ್ಟಳೆಯನ್ನು ಅವಳು ನೆನಪಿಸಿದಳು. ಫೈನಲಿನ ಲೆಕ್ಕವೇ ಬೇರೆ ಅಂದರು. ನಂಬರು ಅದೇ ಇಪ್ಪತ್ತೈದು ತಾನೇ, ನೀನು ಎಳೆದರೇನು ನಾನು ಎಳೆದರೇನು ಅಂದರು.

ಗಂಟಕ್ಕ ಬ್ಯಾಗಿನ ಮೇಲಿನ ಕೈ ತೆಗೆಯಲಿಲ್ಲ. ಸುಮ್ಮನೆ ಕೊಟ್ಟುಬಿಟ್ಟರೆ ಅವಳ ಕೆಲಸ ಉಳಿಯುತ್ತದೆ, ಮುಂದಿನ ವರ್ಷವೂ ಬರಬಹುದು. ಆದರೆ ಆರು ಮ್ಯಾಚು ಇಪ್ಪತ್ತೆರಡರಲ್ಲಿ ಆಡಿದ ಹುಡುಗಿಯ ಕೈಗೆ ಫೈನಲಿನ ದಿನ, ಗೊತ್ತಿಲ್ಲದ ಹಾಗೆ, ಇಪ್ಪತ್ತೈದು ಹೋಗುತ್ತದೆ. ಮೆಟ್ಟಿಲು ಇಳಿಯುವವಳಿಗೆ ಹೇಳದೆ ಕೊನೆಯ ಮೆಟ್ಟಿಲು ತೆಗೆದ ಹಾಗೆ.

"ಮೇಸ್ತ್ರಿ, ಅದು ಇಪ್ಪತ್ತೈದಲ್ಲ," ಅಂದಳು. "ಮೊದಲನೇ ದಿನದಿಂದ ಇಪ್ಪತ್ತೆರಡು. ಮೊದಲನೇ ಸಲ ಮರೆತು. ಆಮೇಲೆ ಗೊತ್ತಿದ್ದೇ."

ಮೇಸ್ತ್ರಿ ಮೊದಲು ನಕ್ಕರು. ಆಮೇಲೆ ಜೇಬಿನಿಂದ ಸಾಧನ ತೆಗೆದು ನಿನ್ನೆ ಆಡಿ ಬಂದ ರಾಕೆಟ್ಟನ್ನು ಅಳೆದರು. ಇನ್ನೊಂದನ್ನು ಅಳೆದರು. ಹೊಸ ಅಂಗಿಯ ಕಾಲರು ಒದ್ದೆಯಾಯಿತು.

"ಯಾರಿಗೂ ಹೇಳಬೇಡ. ನಾಳೆ ನಾನು ಫಾರಮ್ಮಲ್ಲಿ ಇರೋ ಹಾಗೆ ಹಾಕ್ತೀನಿ. ಫಾರಮ್ಮಿನ ಹಾಗೆ ಹಾಕಿದ್ರೆ ನಮ್ಮ ಕುತ್ತಿಗೆ ಯಾರೂ ಹಿಡಿಯೋಕೆ ಆಗಲ್ಲ."

"ನಮ್ಮ ಕುತ್ತಿಗೆ ಉಳೀತು. ಅವಳ ಕೈ?"

"ಅವಳ ಕೈ ಅವಳಪ್ಪ ನೋಡ್ಕೋತಾನೆ. ನೀನು ಸಂಜೆಯೊಳಗೆ ಬ್ಯಾಡ್ಜು ಕೌಂಟರಲ್ಲಿಟ್ಟು ಹೊರಡು."

ಹೀಗೆ ಹನ್ನೊಂದು ವರ್ಷ ಒಂದು ವಾಕ್ಯದಲ್ಲಿ ಮುಗಿಯಿತು. ಗಂಟಕ್ಕ ಇಕ್ಕಳ, ದಬ್ಬಳ, ಕತ್ತರಿ ಬಟ್ಟೆಯಲ್ಲಿ ಸುತ್ತಿಕೊಂಡಳು. ಮೀಸೆ ಮೊದಲ ಸಲ ಏನೂ ತಮಾಷೆ ಮಾಡಲಿಲ್ಲ. ಸಂಜೆಯೊಳಗೆ ಅಂದಿದ್ದಾರೆ, ಈಗಿನ್ನೂ ಹನ್ನೊಂದು ಗಂಟೆ ಅಂತ ಮಾತ್ರ ಹೇಳಿದ. ಬ್ಯಾಡ್ಜು ಕೊರಳಲ್ಲಿರುವವರೆಗೆ ಯಾವ ಬಾಗಿಲೂ ತೆರೆಯುತ್ತದೆ. ಅವಳು ಮನೆಯ ದಾರಿ ಬಿಟ್ಟು ಮೆಟ್ಟಿಲು ಹತ್ತಿದಳು.

ಹುಡುಗಿ ಚಿಕಿತ್ಸೆಯ ಕೋಣೆಯಲ್ಲಿ ಎತ್ತರದ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಮೊಣಕೈಗೆ ಐಸಿನ ಚೀಲ ಕಟ್ಟಿತ್ತು. ಅಪ್ಪ ಎಲ್ಲೋ ಸಂದರ್ಶನ ಕೊಡುತ್ತಿದ್ದರು. ಎರಡು ವಾರದಲ್ಲಿ ಆಡುವವಳೂ ಗಟ್ ಹಾಕುವವಳೂ ಒಂದು ಮಾತೂ ಆಡಿರಲಿಲ್ಲ. ಕೌಂಟರಿನಲ್ಲಿ ಮಾತಾಡಲು ಅಪ್ಪ ಇದ್ದರು, ಮೇಸ್ತ್ರಿ ಇದ್ದರು. ಗಂಟಕ್ಕ ಬಾಗಿಲಲ್ಲೇ ನಿಂತು ತಾನು ಯಾರೆಂದು ಹೇಳಿ, ಉಸಿರು ಬಿಡದೆ ಎಲ್ಲವನ್ನೂ ಒಪ್ಪಿಸಿದಳು. ಲೋಟ ಜೋಡಿಸಲು ಎದ್ದದ್ದು, ನಂಬರು ಮರೆತದ್ದು, ಚೀಟಿಗೆ ಸುಳ್ಳು ಬರೆದದ್ದು.

"ಗೊತ್ತು ಅಕ್ಕ," ಅಂದಳು ಹುಡುಗಿ.

"ಏನು ಗೊತ್ತು?"

"ಮೊದಲನೇ ದಿನ, ಮೂರನೇ ಗೇಮಿಗೇ ಗೊತ್ತಾಯ್ತು. ಮೂರು ಕೆಜಿ ಕಡಿಮೆ ಆದ್ರೆ ನನ್ನ ಕೈಗೆ ಗೊತ್ತಾಗಲ್ವಾ? ಎರಡು ವರ್ಷದಲ್ಲಿ ಮೊದಲನೇ ಸಲ ಹೊಡೆದಾಗ ನೋವಾಗಲಿಲ್ಲ."

ಎರಡು ವರ್ಷದಿಂದ ಅವಳು ಬಿಗಿ ಕಡಿಮೆ ಮಾಡಿಸಿ ಅಂತ ಅಪ್ಪನನ್ನು ಕೇಳುತ್ತಿದ್ದಳಂತೆ. ಬಿಗಿಯಾದ ಗಟ್ಟಿನಲ್ಲಿ ಪ್ರತಿಯೊಂದು ಹೊಡೆತವೂ ಮೊಣಕೈಗೆ ಬಂದು ತಾಗುತ್ತದೆ. ಅಪ್ಪ ಪ್ರತಿ ಸಲವೂ ನೋವಿಗೆ ಮುಲಾಮು ಕೊಡಿಸಿದರೇ ಹೊರತು ನಂಬರು ಮುಟ್ಟಲು ಬಿಡಲಿಲ್ಲ. ಹಾಗಾಗಿ ಮೊದಲ ದಿನ ತಾನಾಗೇ ಸಡಿಲವಾಗಿ ಬಂದಾಗ, ಬಾಯಿಬಿಟ್ಟರೆ ಮತ್ತೆ ಇಪ್ಪತ್ತೈದಾಗುತ್ತದೆ ಅಂತ ಹುಡುಗಿ ಆ ಒಂದು ಚೀಟಿ ಬಿಟ್ಟರೆ ಬಾಯಿಗೆ ಬೀಗ ಹಾಕಿಕೊಂಡಳು. ಕೆಳಗಿನ ಕೋಣೆಯಲ್ಲೊಬ್ಬಳು, ಮೇಲಿನ ಅಂಗಳದಲ್ಲೊಬ್ಬಳು, ಆರು ಮ್ಯಾಚು ಒಂದೇ ಗುಟ್ಟನ್ನು ಬಚ್ಚಿಟ್ಟುಕೊಂಡು ಒಬ್ಬರಿಗೊಬ್ಬರು ಹೆದರುತ್ತ ಕೂತಿದ್ದರು. ಇಬ್ಬರಿಗೂ ಇದು ಒಟ್ಟಿಗೆ ಹೊಳೆದು, ಒಟ್ಟಿಗೆ ನಗು ಬಂತು. ಐಸಿನ ಚೀಲ ಜಾರಿ ಕೆಳಗೆ ಬಿತ್ತು.

ನಗು ನಿಂತ ಮೇಲೆ ಹುಡುಗಿ, ನಾಳೆ ಒಂದು ದಿನ ಹಾಗೇ ಗುಟ್ಟಾಗಿ ಹಾಕಿಕೊಡಿ ಅಕ್ಕ ಅಂತ ಕೇಳಿದಳು.

"ನನ್ನನ್ನ ಓಡಿಸಿ ಆಯ್ತು ತಾಯಿ. ನಾಳೆ ಮೇಸ್ತ್ರಿ ಹಾಕೋದು, ಇಪ್ಪತ್ತೈದೇ ಹಾಕೋದು. ನನ್ನ ಕಳ್ಳತನ ಇಲ್ಲಿಗೆ ಮುಗೀತು." ಗಂಟಕ್ಕ ಕೆಳಗೆ ಬಿದ್ದ ಐಸಿನ ಚೀಲ ಎತ್ತಿ ಮೊಣಕೈಗೆ ಕಟ್ಟಿದಳು, ಗಂಟು ಎಳ್ಳಿನಷ್ಟು. "ಫಾರಮ್ಮಿನ ಹಿಂದೆ ಸಣ್ಣ ಅಕ್ಷರದಲ್ಲಿ ಒಂದು ಮಾತಿದೆ. ಯಾರೇ ಸಹಿ ಹಾಕಿರಲಿ, ಆಡೋರ ಸ್ವಂತ ಸಹಿನೇ ಕೊನೇದು. ಯಾವ ಕೈ ಬೇಕು ಅಂತ ಬರೆಯೋಕೂ ಅಲ್ಲೇ ಜಾಗ ಇದೆ. ಹನ್ನೊಂದು ವರ್ಷದಲ್ಲಿ ಯಾವ ಹುಡುಗಿಯೂ ಅದನ್ನ ತಿರುಗಿಸಿ ನೋಡಿದ್ದು ನಾ ಕಾಣೆ."

ಇಪ್ಪತ್ತೊಂದು ವರ್ಷದ ಹುಡುಗಿ. ಜಗತ್ತಿನ ಗಟ್ಟಿಗಿತ್ತಿಯರನ್ನೆಲ್ಲ ಎರಡು ವಾರದಲ್ಲಿ ಸೋಲಿಸಿ ಬಂದವಳು. ಅಪ್ಪನ ಎರಡು ಗೆರೆ ದಾಟುವ ಮಾತು ಬಂದಾಗ ಕಾಲಿನ ಹೆಬ್ಬೆರಳು ನೋಡುತ್ತ ಕೂತಳು. ಆಮೇಲೆ ಮಂಚದಿಂದ ಇಳಿದು ಚಪ್ಪಲಿ ಹುಡುಕಿದಳು.

ಅವರಿಬ್ಬರೂ ಕೆಳಗೆ ಬಂದಾಗ ಟೀವಿಯವರು ಒಂದನೇ ಯಂತ್ರದ ಸುತ್ತ ದೀಪ ಜೋಡಿಸುತ್ತಿದ್ದರು. ಫೈನಲಿನ ಹುಡುಗಿ, ಮೊಣಕೈಗೆ ಐಸು ಕಟ್ಟಿಕೊಂಡು, ಸ್ವತಃ ಗಟ್ಟಿನ ಕೋಣೆಗೆ ಬಂದದ್ದು ಕಂಡು ಕ್ಯಾಮೆರಾದವನಿಗೆ ಹಬ್ಬವಾಯಿತು, ತಕ್ಷಣ ತಿರುಗಿಸಿದ. ಸುದ್ದಿ ಮುಟ್ಟಿ ಅಪ್ಪನೂ ಏದುಸಿರು ಬಿಡುತ್ತ ಬಂದರು. ಹುಡುಗಿ ಕೌಂಟರಿನಲ್ಲಿ ಫಾರಮ್ಮು ಕೇಳಿ ಪಡೆದು, ಇಪ್ಪತ್ತೈದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಇಪ್ಪತ್ತೆರಡು ಬರೆದಳು. ಹಾಳೆ ತಿರುಗಿಸಿ, ಕೈ ಅನ್ನುವ ಜಾಗದಲ್ಲಿ ‘ಗಂಟಕ್ಕ’ ಅಂತ ಬರೆದು ಸಹಿ ಹಾಕಿದಳು.

"ಏನಿದು ಮಗು?" ಅಂದರು ಅಪ್ಪ. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿದ್ದುದರಿಂದ ಅವರು ನಗುತ್ತಲೇ ಕೇಳಬೇಕಾಯಿತು.

"ಈ ಆರು ಮ್ಯಾಚೂ ಇಪ್ಪತ್ತೆರಡೇ ಅಪ್ಪ. ಗೆದ್ದಿದ್ದು ಅದರಲ್ಲೇ."

"ಸಡಿಲ ಬಿಟ್ರೆ ಚೆಂಡು ಕೈ ಮೀರಿ ಹೋಗುತ್ತೆ ಅಂತ ಎಷ್ಟು ಸಲ ಹೇಳಿಲ್ಲ ನಾನು?"

"ಹೋಗಲಿಲ್ಲವಲ್ಲ. ಎರಡು ಹೆಜ್ಜೆ ಹಿಂದೆ ನಿಂತ್ಕೊಂಡೆ." ಅವಳು ಪೆನ್ನು ಕೆಳಗಿಡಲಿಲ್ಲ. "ನೋವು ನನ್ನ ಕೈಗಪ್ಪ. ನಂಬರೂ ನಂದೇ ಇರಲಿ."

ಅಪ್ಪನ ನಗು ಮುಖದ ಮೇಲೆ ಹಾಗೇ ಉಳಿದು, ಒಣಗಲು ಹಾಕಿದ ಬಟ್ಟೆಯ ಹಾಗೆ ಕಂಡಿತು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, ಫಾರಮ್ಮೇ ಬದಲಾದ ಮೇಲೆ ನಮ್ಮದೇನಿದೆ ಅಂದರು. ಮೀಸೆ ಒಂದನೇ ಯಂತ್ರದ ಸ್ಟೂಲನ್ನು ತನ್ನ ಕರವಸ್ತ್ರದಿಂದ ಒರೆಸಿದ.

ಶನಿವಾರ ಬೆಳಿಗ್ಗೆ ಗಾಜಿನ ಗೋಡೆಯ ಪಕ್ಕ ಗಂಟಕ್ಕ ಕೂತಳು. ಮೊದಲು ನಂಬರು ನೋಡಿದಳು. ಎರಡು ಸಲ ನೋಡಿದಳು. ಆಮೇಲೆ ದಾರ ಮುಟ್ಟಿದಳು. ಚೀಟಿಗೆ ಇಪ್ಪತ್ತೆರಡು ಅಂತ ಬರೆಯುವಾಗ, ಎರಡು ವಾರದಿಂದ ಭುಜದಲ್ಲಿ ಹಿಡಿದುಕೊಂಡಿದ್ದ ಏನೋ ಒಂದು ಬಿಟ್ಟುಕೊಂಡ ಹಾಗಾಯಿತು. ಗಾಜಿನಾಚೆ ಕ್ಯಾಮೆರಾದವನು ಸ್ವಲ್ಪ ನಗಿ ಅಂತ ಸನ್ನೆ ಮಾಡಿದ. ಅವಳು ಗಂಟು ಹಾಕುತ್ತಿದ್ದಳು, ಪುರುಸೊತ್ತಿರಲಿಲ್ಲ.

ಫೈನಲ್ ಎರಡೂಕಾಲು ಗಂಟೆ ನಡೆಯಿತು. ನಡುವಿನ ಸೆಟ್ಟು ಹೋಯಿತು, ಮೊದಲಿನದೂ ಕೊನೆಯದೂ ಬಂತು. ಕೊನೆಯ ಚೆಂಡು ಎದುರಾಳಿಯ ರಾಕೆಟ್ಟಿನ ಅಂಚಿಗೆ ತಾಗಿ ಮೇಲೆ ಹೋದಾಗ ಇಡೀ ಕೋಣೆ ಸ್ಟೂಲು ಬಿಟ್ಟು ಎದ್ದಿತ್ತು. ಮೀಸೆ ಯಾರನ್ನೋ ತಬ್ಬಿಕೊಂಡ, ನೋಡಿದರೆ ಮೇಸ್ತ್ರಿ.

ಬಹುಮಾನ ಕೊಟ್ಟಾದ ಮೇಲೆ ಟೀವಿಯವರು ಅಪ್ಪನನ್ನು ಹಿಡಿದರು. ಗೆಲುವಿನ ಗುಟ್ಟೇನು ಅಂತ ಕೇಳಿದರು. ಅಪ್ಪ ಕ್ಯಾಮೆರಾ ನೋಡಿ, ಈ ಸಲ ಬಿಗಿ ಮೂರು ಕೆಜಿ ಇಳಿಸಿದೆವು, ಬಹಳ ಯೋಚಿಸಿ ತೆಗೆದುಕೊಂಡ ತೀರ್ಮಾನ, ಕೋಚಿಗೆ ಧೈರ್ಯ ಬೇಕಾಗುತ್ತದೆ ಅಂದರು. ಕೋಣೆಯಲ್ಲಿ ಎದ್ದ ನಗು ಮೇಲಿನ ಮೆಟ್ಟಿಲಿನವರೆಗೂ ಕೇಳಿಸಿತಂತೆ. ನಗು ಇಳಿಯುವ ಮೊದಲೇ ಇನ್ನೊಂದು ಕ್ಯಾಮೆರಾ ಕೋಣೆಯ ಬಾಗಿಲಿಗೆ ಬಂತು. ಮೇಸ್ತ್ರಿ ಹೊಸ ಅಂಗಿಯ ತೋಳು ಎಳೆದುಕೊಂಡು ಮುಂದೆ ಬಂದು, ನಮ್ಮ ಕೋಣೆಯ ಅನುಭವದ ಮೇಲೆ ನಾವೇ ಸಲಹೆ ಕೊಟ್ಟದ್ದು ಅಂದರು. ಗೆದ್ದೆತ್ತಿನ ಬಾಲ ಹಿಡಿಯುವುದು ಹಳೆಯ ವಿದ್ಯೆ.

"ನೋಡ್ದ್ಯಾ ಗಂಟಕ್ಕ," ಅಂದ ಮೀಸೆ. "ನಿನ್ನೆವರೆಗೂ ಅನಾಥ ಆಗಿದ್ದ ನಿನ್ನ ತಪ್ಪಿಗೆ ಇವತ್ತು ಇಬ್ಬರು ಅಪ್ಪಂದಿರು."

ಗಂಟಕ್ಕ ನಗುತ್ತ ಇಕ್ಕಳ ಒರೆಸಿ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಕೊರಳಿನ ಬ್ಯಾಡ್ಜು ಬಿಚ್ಚಿ ಕೌಂಟರಿನ ಮೇಲಿಟ್ಟಳು. ಅದರ ಪಕ್ಕದಲ್ಲೇ ಫೈಲಿತ್ತು, ಅದರಲ್ಲಿ ಆ ಫಾರಮ್ಮಿತ್ತು. ಅಪ್ಪ ಟೀವಿಯಲ್ಲಿ ಏನೇ ಹೇಳಲಿ, ಹುಡುಗಿಯ ಅಕ್ಷರದಲ್ಲಿ ಅವಳ ಹೆಸರು ಅಲ್ಲಿತ್ತು.

ಕ್ಯಾಮೆರಾ ಹೋದ ಮೇಲೆ ಮೇಸ್ತ್ರಿ ಬಂದು ಬ್ಯಾಡ್ಜನ್ನು ಅವಳ ಕಡೆಗೆ ಸರಿಸಿದರು. ಮುಖ ನೋಡದೆ, ಮುಂದಿನ ವರ್ಷ ಬೇಗ ಬಾ, ಒಳ್ಳೆ ಹೆಸರು ಎರಡು ನಿನಗೇ ಇಟ್ಟಿರ್ತೀನಿ ಅಂದರು.

"ಬರ್ತೀನಿ ಮೇಸ್ತ್ರಿ," ಅಂದಳು ಗಂಟಕ್ಕ. "ಹೆಂಗಸರ ರಾಕೆಟ್ಟನ್ನೂ ಅಳೆದು ಮೇಲೆ ಕಳಿಸಿ. ನಂದೂ ಸೇರಿಸಿ. ಮತ್ತೆ ಲೋಟ ಜೋಡಿಸೋಕೆ ಮೀಸೆಗೆ ಹೇಳಿ. ನನ್ನನ್ನ ಕರೆದ್ರೆ ನಂಬರು ತಪ್ಪಿಹೋಗುತ್ತೆ."

ಮೇಸ್ತ್ರಿ ಮೀಸೆಯ ಕಡೆ ತಿರುಗಿದರು. ಮೀಸೆ ಆಗಲೇ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಹುಡುಕುತ್ತಿದ್ದ.